ದನಿ ಅಂಕಿಯಾದ ಕಥೆ

ಕಳೆದ ದೀಪಾವಳಿಯ ಹೊತ್ತಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಹಾಳೆ ಬೆಳೆಯತೊಡಗಿತ್ತು. ಹನ್ನೊಂದು ಡಬ್ಬಿಗಳು, ಒಂದೊಂದಕ್ಕೂ ಹದಿನಾಲ್ಕು ಕಾಲಂ. ಕೆಳಗಿನ ಸಾಲಿನ ಬೆಲೆ ಹದಿನೆಂಟು ಸಾವಿರ, ಮೇಲಿನ ಸಾಲಿನದು ಆರು ಲಕ್ಷ. ಆಫೀಸಿನಲ್ಲಿ ವೆಂಡರ್ ಆರಿಸುವಾಗ ಮಾಡುವ ಕೆಲಸವನ್ನೇ ನೋಯ್ಡಾದ ಮನೆಯಲ್ಲಿ ಕೂತು ಒಂದು ಡ್ಯಾಕ್‌ಗಾಗಿ ಮಾಡುತ್ತಿದ್ದೆ. ಡ್ಯಾಕ್ ಅಂದರೆ ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ಫೈಲಿನಲ್ಲಿರುವ ಅಂಕಿಗಳನ್ನು ಓದಿ, ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಅಲೆಯನ್ನಾಗಿ ಮಾಡಿಕೊಡುವ ಯಂತ್ರ. ನಿಮ್ಮ ಫೋನಿನಲ್ಲೂ ಟಿವಿಯಲ್ಲೂ ಬ್ಲೂಟೂತ್ ಇಯರ್‌ಫೋನಿನಲ್ಲೂ ಒಂದೊಂದು ಇದೆ. ಅದನ್ನೇ ಬೇರೆ ಪೆಟ್ಟಿಗೆಯಲ್ಲಿಟ್ಟು, ದಪ್ಪ ಅಲ್ಯೂಮಿನಿಯಂ ಹೊದಿಸಿದರೆ ಕಾರಿನ ಬೆಲೆಯನ್ನೂ ಮುಟ್ಟುತ್ತದೆ.

ನನ್ನಾಕೆ ಹಾಳೆ ನೋಡಿ ಒಂದೇ ಪ್ರಶ್ನೆ ಕೇಳಿದಳು: “ಇದರಲ್ಲಿ ಕೇಳೋದು ಏನು?”

ಉತ್ತರ ನನ್ನ ಬಳಿ ಇತ್ತು. ಹಾವೇರಿಯ ಮನೆಯ ಟ್ರಂಕಿನಲ್ಲಿ ಅಪ್ಪನ ಕ್ಯಾಸೆಟ್ಟುಗಳಿದ್ದವು. ಅವು ಬಹುತೇಕ ರೇಡಿಯೋದಿಂದ ಹಿಡಿದಿಟ್ಟ ಕಛೇರಿಗಳು. ಆ ದನಿ ಈ ಡಬ್ಬಿಯವರೆಗೆ ಬರಲು ಎಷ್ಟು ಕೈ ದಾಟಬೇಕು ಎಂದು ಲೆಕ್ಕ ಹಾಕಲು ಕೂತವನು ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ಡ್ಯಾಕ್ ಆರಿಸಿದ್ದು ಆಮೇಲೆ.

ಹ್ಯಾನೋವರ್‌ಗೆ ಹೋಗಿ ಬಂದ ದನಿ

1902ರ ನವೆಂಬರಿನಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತದಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮೇಣದ ತಟ್ಟೆಗೆ ಇಳಿಸಿಕೊಂಡರು. ಮೈಕ್ರೋಫೋನ್ ಇರಲಿಲ್ಲ. ದೊಡ್ಡ ತುತ್ತೂರಿಯ ಬಾಯಿಗೆ ಮುಖ ಕೊಟ್ಟು ಹಾಡಬೇಕು, ಗಾಳಿಯ ಒತ್ತಡವೇ ಸೂಜಿಯನ್ನು ಅಲ್ಲಾಡಿಸಬೇಕು. ಮೇಣದ ಮೂಲಗಳು ಹಡಗೇರಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಲ್ಲಿ ತಟ್ಟೆಗಳಾಗಿ ಅಚ್ಚಾಗಿ ಮರಳುತ್ತಿದ್ದವು. 1908ರಲ್ಲಿ ಕಲ್ಕತ್ತದಲ್ಲೇ ಕಾರ್ಖಾನೆ ಬರುವವರೆಗೂ ಇದೇ ದಾರಿ. ದೂರದ ಊರಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ಗೊತ್ತಾಗಬೇಕಲ್ಲ. ಅದಕ್ಕೇ ಗಾಯಕರು ಹಾಡು ಮುಗಿದ ಮೇಲೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಗೌಹರ್ ಜಾನ್ ಅವರ ಆ ಕೂಗು ಇವತ್ತಿಗೂ ಹಾಡಿನಷ್ಟೇ ಪ್ರಸಿದ್ಧ. ಬರೀ ಗುರುತಿನ ಚೀಟಿಯಾಗಿದ್ದದ್ದು ಕಾಲ ಕಳೆದಂತೆ ಚರಿತ್ರೆಯಾಯಿತು.

ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಒಂದು ಗಂಟೆ ಬಿಚ್ಚಿಕೊಳ್ಳುವ ರಾಗವನ್ನು ಅಷ್ಟರಲ್ಲಿ ಮಡಿಚಿಡಬೇಕು. ನಮ್ಮ ಧಾರವಾಡದ ಸೀಮೆಯ ಗಾಯಕರೂ ಈ ಮೂರು ನಿಮಿಷದ ಪರೀಕ್ಷೆ ದಾಟಿದವರೇ. ಗಂಗೂಬಾಯಿ ಹಾನಗಲ್ ಅವರ ಮೊದಲ ತಟ್ಟೆಗಳು 1930ರ ದಶಕದಲ್ಲಿ ಎಚ್.ಎಂ.ವಿ.ಯಿಂದ ಬಂದಾಗ ಅವುಗಳ ಮೇಲಿದ್ದ ಹೆಸರು ‘ಗಾಂಧಾರಿ’. ಅವುಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುದನಿ. ಮುಂದೆ ಗಂಟಲಿನ ತೊಂದರೆ, ಅದರ ಚಿಕಿತ್ಸೆಯ ನಂತರ ಅವರ ದನಿಯೇ ಬದಲಾಯಿತು. ನಾವೆಲ್ಲ ಬಲ್ಲ ಆ ಗಂಭೀರ, ಗಂಡುಮೆಟ್ಟಿನ ದನಿ ಬಂದದ್ದು ಆಮೇಲೆ. ಅಂದರೆ ಮೊದಲಿನ ಗಂಗೂಬಾಯಿ ಆ ತಟ್ಟೆಗಳಲ್ಲಿ ಮಾತ್ರ ಇದ್ದಾರೆ. ಅಂಥ ಅರಗಿನ ತಟ್ಟೆಯ ಮೇಲ್ಮಿತಿ ಐದಾರು ಸಾವಿರ ಹರ್ಟ್ಸ್ ಇದ್ದರೆ ಹೆಚ್ಚು. ಮೇಲೆ ಸದಾ ಕರಕರ ಸದ್ದು. ಆದರೂ ಅದು ಒಡೆದರೆ ಒಂದು ದನಿ ಲೋಕದಿಂದ ಹೋದಂತೆ.

ದೆಹಲಿಯಿಂದ ಹಾವೇರಿಗೆ

ಆಕಾಶವಾಣಿ ಎಂಬ ಹೆಸರು ನಮ್ಮದು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ ಶುರು ಮಾಡಿದ ಬಾನುಲಿಗೆ ಆ ಹೆಸರಿತ್ತು. ದೆಹಲಿ ಕೇಂದ್ರ ಆರಂಭವಾದದ್ದು 1936ರ ಜನವರಿ 1ರಂದು; ಧಾರವಾಡ ಕೇಂದ್ರ 1950ರ ಜನವರಿ 8ರಂದು. 1952ರಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಶನಿವಾರ ರಾತ್ರಿ ಒಂಬತ್ತೂವರೆಗೆ ದೆಹಲಿಯಿಂದ ಹೊರಡುವ ಕಛೇರಿಯನ್ನು ದೇಶದ ಕೇಂದ್ರಗಳು ಒಟ್ಟಿಗೆ ಪ್ರಸಾರ ಮಾಡುತ್ತಿದ್ದವು. ಮೂರು ನಿಮಿಷದ ಗೋಡೆ ಅಲ್ಲಿ ಬಿತ್ತು. ಮಲ್ಲಿಕಾರ್ಜುನ ಮನಸೂರರು ಒಂದು ಅಪರೂಪದ ರಾಗವನ್ನು ಆತುರವಿಲ್ಲದೆ ಹಾಡಿದ್ದನ್ನು ಹೊಲದ ಮನೆಯಲ್ಲಿ ಕೂತವನೂ ಕೇಳಬಹುದಾಯಿತು.

ಹಾಗೆ ಕೇಳಿದವರಲ್ಲಿ ಅಪ್ಪ ಒಬ್ಬರು. ಕನ್ನಡ ಶಾಲೆಯ ಮಾಸ್ತರು. 1984ರಲ್ಲಿ ಒಂದು ಟೂ-ಇನ್-ಒನ್ ಕೊಂಡಮೇಲೆ ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಮೀಡಿಯಂ ವೇವ್‌ನಲ್ಲಿ ಎರಡು ಕೇಂದ್ರಗಳ ನಡುವಿನ ಅಂತರ 9 ಕಿಲೋಹರ್ಟ್ಸ್. ಹಾಗಾಗಿ ಹಾಡಿಗೆ ಸಿಗುವುದು ಹೆಚ್ಚೆಂದರೆ ನಾಲ್ಕೂವರೆ ಸಾವಿರ ಹರ್ಟ್ಸ್ ಅಗಲದ ಕಿಂಡಿ. ಅದರ ಮೇಲೆ ಮಳೆಗಾಲದ ಗುಡುಗಿನ ಚಟಪಟ, ಪಕ್ಕದ ಹಿಟ್ಟಿನ ಗಿರಣಿಯ ಗುಂಯ್. ಕಛೇರಿ ಮುಗಿದ ಕೂಡಲೇ ಅಪ್ಪ ಯಂತ್ರದ ಮೈಕಿಗೆ ಬಾಗಿ ತಾರೀಖು, ಹಾಡಿದವರ ಹೆಸರು, ರಾಗ ಹೇಳುತ್ತಿದ್ದರು. ಕೊನೆಗೆ ಒಂದು ಷರಾ: “ನಡುವ ಎರಡ ಮಿನಿಟ ಕರೆಂಟ್ ಹೋಗಿತ್ತು, ಮಾಫಿ ಇರ್ಲಿ.” ಯಾರ ಹತ್ತಿರ ಮಾಫಿ ಕೇಳುತ್ತಿದ್ದರೋ ಆಗ ನನಗೆ ತಿಳಿಯುತ್ತಿರಲಿಲ್ಲ.

1982

ದನಿಯನ್ನು ಅಂಕಿ ಮಾಡುವ ಯೋಚನೆ ಬಂದದ್ದು ಸಂಗೀತಕ್ಕಾಗಿ ಅಲ್ಲ, ಟೆಲಿಫೋನಿಗಾಗಿ. ದೂರದ ಕರೆಯನ್ನು ದಾರಿಯುದ್ದಕ್ಕೂ ಮತ್ತೆ ಮತ್ತೆ ವರ್ಧಿಸಬೇಕು. ಪ್ರತಿ ಸಲವೂ ಮಾತಿನ ಜೊತೆ ಗದ್ದಲವೂ ದೊಡ್ಡದಾಗುತ್ತದೆ. 1937ರಲ್ಲಿ ಪ್ಯಾರಿಸ್‌ನಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಇಂಜಿನಿಯರ್ ಅಲೆಕ್ ರೀವ್ಸ್, ಅಲೆಯನ್ನೇ ಕಳಿಸುವ ಬದಲು ಅದರ ಎತ್ತರವನ್ನು ಗಳಿಗೆಗಳಿಗೆಗೂ ಅಳೆದು ಆ ಅಂಕಿಯನ್ನು ಮಾತ್ರ ಕಳಿಸೋಣ ಎಂದರು. ಅಂಕಿಯನ್ನು ಗದ್ದಲದ ನಡುವೆಯೂ ಓದಿ ಹೊಸದಾಗಿ ಬರೆಯಬಹುದು. ಎಷ್ಟು ಬೇಗ ಅಳೆಯಬೇಕು? ನೈಕ್ವಿಸ್ಟ್ 1928ರಲ್ಲೇ ಸೂಚಿಸಿ, ಶಾನನ್ 1949ರ ಪ್ರಬಂಧದಲ್ಲಿ ಖಚಿತಪಡಿಸಿದ ಉತ್ತರ: ಬೇಕಾದ ಅತಿ ಎತ್ತರದ ಆವರ್ತನದ ಎರಡು ಪಟ್ಟಿಗಿಂತ ಹೆಚ್ಚು. ಹಾಗೆ ಅಳೆದರೆ ಚುಕ್ಕಿಗಳ ನಡುವಿನ ಅಲೆ ಕಳೆದುಹೋಗುವುದಿಲ್ಲ, ಪೂರ್ತಿ ಮರಳಿ ಬರುತ್ತದೆ. ಅಂಕಿಯ ಸಂಗೀತ ಮೆಟ್ಟಿಲು ಮೆಟ್ಟಿಲಾಗಿರುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಸರಿಯಾಗಿ ಮಾಡಿದ ಡ್ಯಾಕ್‌ನ ಹೊರಗೆ ಬರುವ ಅಲೆಯಲ್ಲಿ ಮೆಟ್ಟಿಲು ಇರುವುದಿಲ್ಲ.

ಮನುಷ್ಯನ ಕಿವಿಯ ಮಿತಿ ಸುಮಾರು 20,000 ಹರ್ಟ್ಸ್. ಹಾಗಾದರೆ ಸೆಕೆಂಡಿಗೆ 40,000ಕ್ಕಿಂತ ತುಸು ಹೆಚ್ಚು ಸಾಕು. ಸಿ.ಡಿ.ಗೆ 44,100 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? 1970ರ ದಶಕದಲ್ಲಿ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಬಿಟ್ ಬರೆದಿಡಲು ಕೈಗೆಟಕುತ್ತಿದ್ದ ಯಂತ್ರ ವಿಡಿಯೋ ರೆಕಾರ್ಡರ್. ಅಂಕಿಗಳನ್ನು ಕಪ್ಪು ಬಿಳಿ ಚುಕ್ಕಿ ಮಾಡಿ ಟಿವಿ ಚಿತ್ರದ ಗೆರೆಗಳಲ್ಲಿ ತುಂಬಿದರು. ಯುರೋಪಿನ ಪದ್ಧತಿಯಲ್ಲಿ 294 ಗೆರೆ, ಗೆರೆಗೆ 3 ಮಾದರಿ, ಸೆಕೆಂಡಿಗೆ 50 ಸಲ. ಅಮೆರಿಕ, ಜಪಾನಿನ ಪದ್ಧತಿಯಲ್ಲಿ 245 ಗೆರೆ, 3 ಮಾದರಿ, 60 ಸಲ. ಗುಣಿಸಿ ನೋಡಿ, ಎರಡೂ 44,100. ಕಿವಿಯ ವಿಜ್ಞಾನದ ಜೊತೆ ಟಿವಿಯ ಅನುಕೂಲ ಸೇರಿ ಹುಟ್ಟಿದ ಸಂಖ್ಯೆ ಅದು.

1982ರ ಆಗಸ್ಟಿನಲ್ಲಿ ಪಾಲಿಗ್ರಾಂ ಕಾರ್ಖಾನೆಯಲ್ಲಿ ಸಿ.ಡಿ.ಗಳ ತಯಾರಿಕೆ ಆರಂಭವಾಯಿತು. ಊರು ಲಾಂಗನ್‌ಹಾಗನ್, ಹ್ಯಾನೋವರ್‌ನ ಮಗ್ಗುಲಿನದು. ಗೌಹರ್ ಜಾನ್ ಅವರ ಮೇಣ ಹೋದ ಅದೇ ಸೀಮೆ, ಎಂಬತ್ತು ವರ್ಷದ ನಂತರ. ಇದು ಪೂರ್ತಿ ಆಕಸ್ಮಿಕವೂ ಅಲ್ಲ. ಗ್ರಾಮೋಫೋನ್ ಕಂಡುಹಿಡಿದ ಎಮಿಲಿ ಬರ್ಲಿನರ್ ಹ್ಯಾನೋವರ್‌ನಲ್ಲಿ ಹುಟ್ಟಿದವರು. ಅವರ ಮನೆತನ ಅಲ್ಲಿ ಕಟ್ಟಿದ ಡಾಯಿಚೆ ಗ್ರಾಮೋಫೋನ್ ಸಂಸ್ಥೆಯ ಪರಂಪರೆಯೇ ಪಾಲಿಗ್ರಾಂಗೆ ಬಂದದ್ದು. ಅದೇ ಅಕ್ಟೋಬರ್ 1ರಂದು ಜಪಾನಿನಲ್ಲಿ ಸೋನಿಯ ಸಿಡಿಪಿ-101 ಮಾರಾಟಕ್ಕೆ ಬಂತು, ಬೆಲೆ 1,68,000 ಯೆನ್. ನಮ್ಮ ದೆಹಲಿಯಲ್ಲಿ ಆಗ ಏಷ್ಯಾಡ್‌ನ ಸಡಗರ, ಬಣ್ಣದ ಟಿವಿಯ ಬೆರಗು.

ಬಟ್ಟುಗಳು ಮತ್ತು ಹನಿಗಳು

ಡ್ಯಾಕ್‌ನ ಚರಿತ್ರೆಯನ್ನು ಕಿರಾಣಿ ಅಂಗಡಿಯ ತಕ್ಕಡಿಯಿಂದ ವಿವರಿಸಬಹುದು. ಹದಿನಾರು ಬಿಟ್ ಎಂದರೆ ಹದಿನಾರು ತೂಕದ ಬಟ್ಟುಗಳು; ಒಂದೊಂದೂ ಹಿಂದಿನದರ ಎರಡರಷ್ಟು. ಅತಿ ದೊಡ್ಡ ಬಟ್ಟು ಅತಿ ಚಿಕ್ಕದರ 32,768 ಪಟ್ಟು. ಅಂಕಿ ಬಂದಂತೆ ಬೇಕಾದ ಬಟ್ಟುಗಳನ್ನು ತಟ್ಟೆಗೆ ಹಾಕಿ ತೆಗೆಯಬೇಕು, ಸೆಕೆಂಡಿಗೆ 44,100 ಸಲ. ದೊಡ್ಡ ಬಟ್ಟು ಕೂದಲೆಳೆಯಷ್ಟು ತಪ್ಪಿದರೂ ಚಿಕ್ಕ ಬಟ್ಟಿಗೆ ಅರ್ಥವೇ ಇಲ್ಲ. 1980ರ ಸುಮಾರಿಗೆ ಇದು ನಿಜಕ್ಕೂ ಕಷ್ಟದ ಕೆಲಸವಾಗಿತ್ತು. ಫಿಲಿಪ್ಸ್ ಕೈಯಲ್ಲಿದ್ದದ್ದು 14 ಬಿಟ್‌ನ ಟಿಡಿಎ1540 ಎಂಬ ಚಿಪ್. ಒಪ್ಪಂದವಾದದ್ದು ಸೋನಿ ಪಟ್ಟು ಹಿಡಿದ 16 ಬಿಟ್‌ಗೆ. ಫಿಲಿಪ್ಸ್‌ನವರು ಮಾದರಿಗಳ ವೇಗವನ್ನು ನಾಲ್ಕು ಪಟ್ಟು ಮಾಡಿ, ತಪ್ಪನ್ನು ಕಿವಿಗೆ ಕೇಳದ ಎತ್ತರಕ್ಕೆ ತಳ್ಳಿ, 14 ಬಿಟ್‌ನಿಂದ 16ರ ಕೆಲಸ ತೆಗೆದರು. ಸೋನಿಯ ಮೊದಲ ಯಂತ್ರದಲ್ಲಿ ಎಡಕ್ಕೂ ಬಲಕ್ಕೂ ಸೇರಿ ಒಂದೇ ಡ್ಯಾಕ್ ಇತ್ತು, ಸರದಿಯಂತೆ ದುಡಿಯುತ್ತಿತ್ತು.

ಇನ್ನೊಂದು ದಾರಿ ಹನಿಯದು. ಬಟ್ಟುಗಳನ್ನೇ ಬಿಟ್ಟು, ಒಂದೇ ಗಾತ್ರದ ಹನಿಗಳನ್ನು ಅತಿ ವೇಗವಾಗಿ ಬೀಳಿಸಿ ಸರಾಸರಿಯಲ್ಲಿ ಅಳತೆ ಸರಿಹೊಂದಿಸುವುದು. 1960ರ ದಶಕದ ಆರಂಭದಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಇನೊಸೆ, ಯಸುದ ಮೊದಲಾದವರು ತೋರಿಸಿದ ಡೆಲ್ಟಾ-ಸಿಗ್ಮಾ ವಿಧಾನದ ಸಾರ ಇಷ್ಟೇ. ಇವತ್ತಿನ ಬಹುಪಾಲು ಚಿಪ್‌ಗಳು ಈ ಕುಲದವು. ದೊಡ್ಡ ಬಟ್ಟನ್ನು ಕರಾರುವಾಕ್ಕಾಗಿ ಎರಕ ಹೊಯ್ಯುವ ಕಷ್ಟ ಬಹುಮಟ್ಟಿಗೆ ತಪ್ಪಿತು, ಬೆಲೆ ಕುಸಿಯಿತು.

ಡ್ಯಾಕ್ ಬೇರೆ ಪೆಟ್ಟಿಗೆಯಾದದ್ದು 1980ರ ದಶಕದ ಕೊನೆಗೆ. 1988ರಲ್ಲಿ ಇಂಗ್ಲೆಂಡಿನ ಆರ್ಕಾಂ ತಂದ ಬ್ಲ್ಯಾಕ್ ಬಾಕ್ಸ್ ಆ ಮೊದಲಿನವುಗಳಲ್ಲಿ ಒಂದು. ಪೆಟ್ಟಿಗೆ ಬೇರೆಯಾದ ಕೂಡಲೇ ಹೊಸ ತೊಡಕು ಬಂತು, ಜಿಟರ್. ಅಂಕಿ ಸರಿ ಇದ್ದರೂ ಅದು ಬೀಳುವ ಗಳಿಗೆ ಹಿಂದುಮುಂದಾಗುವುದು. ಸ್ವರ ಸರಿ, ಲಯ ತಪ್ಪು ಎಂದಂತೆ. ಇದಕ್ಕೂ ಮದ್ದು ಸಿಕ್ಕಿತು: ಡ್ಯಾಕ್ ತನ್ನದೇ ಗಡಿಯಾರ ಇಟ್ಟುಕೊಂಡು, ಕಂಪ್ಯೂಟರಿನಿಂದ ತನಗೆ ಬೇಕಾದಷ್ಟೇ ಅಂಕಿ ಕೇಳಿ ಪಡೆಯುವ ಅಸಿಂಕ್ರನಸ್ ಯುಎಸ್‌ಬಿ. ಇವತ್ತು ಅಗ್ಗದ ಡಬ್ಬಿಯಲ್ಲೂ ಅದಿದೆ. ಚಿಪ್ ತಯಾರಕರೂ ಬೆರಳೆಣಿಕೆಯಷ್ಟು. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಒಕದಲ್ಲಿ ಎಕೆಎಂ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿದ್ದಾಗ ಅಗ್ಗದ ಡಬ್ಬಿಯವರೂ ದುಬಾರಿ ಡಬ್ಬಿಯವರೂ ಒಟ್ಟಿಗೆ ಪರದಾಡಿದರು. ನನ್ನ ಎಕ್ಸೆಲ್ ಹಾಳೆಯ ಹನ್ನೊಂದು ಸಾಲುಗಳಲ್ಲಿ ‘ಚಿಪ್’ ಕಾಲಂ ನೋಡಿದರೆ ನಿಜವಾಗಿ ಮೂರೇ ಹೆಸರಿದ್ದವು.

ಹದಿನಾರರಲ್ಲಿ ಒಂಬತ್ತು

ಹಾಗಾದರೆ ದುಬಾರಿಯದು ಬೇರೆಯೇ ಕೇಳುತ್ತದೆ ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ, ಅವರಿಗೆ ಹಾಗೇ ಕೇಳುತ್ತದೆ. ನನಗೂ ಕೇಳಿತು. ದಕ್ಷಿಣ ದೆಹಲಿಯ ಒಂದು ನೆಲಮಾಳಿಗೆಯಲ್ಲಿ ಎರಡು ಡಬ್ಬಿ ಹಾಕಿ ಕೇಳಿಸಿದಾಗ, ದೊಡ್ಡದರಲ್ಲಿ ತಂಬೂರಿ ಗೋಡೆಯಾಚೆಗೂ ಹರಡಿದಂತೆ ಅನ್ನಿಸಿತು. ಎರಡನ್ನೂ ಒಂದು ವಾರ ಮನೆಗೆ ಕೊಡಲು ಅವರು ಒಪ್ಪಿದರು. ನಾನು ಮಲ್ಟಿಮೀಟರ್ ಹಿಡಿದು ಎರಡರ ಔಟ್‌ಪುಟ್ ಒಂದೇ ಮಟ್ಟಕ್ಕೆ ತಂದೆ. ಇದು ಮುಖ್ಯ, ಕೂದಲೆಳೆ ಜೋರಾದದ್ದು ಕಿವಿಗೆ ‘ಜೋರು’ ಅನ್ನಿಸದೆ ‘ಒಳ್ಳೆಯದು’ ಅನ್ನಿಸುತ್ತದೆ. ನನ್ನಾಕೆ ನಾಣ್ಯ ಚಿಮ್ಮಿ, ನನಗೆ ಕಾಣದಂತೆ ಯಾವುದೋ ಒಂದನ್ನು ಜೋಡಿಸುತ್ತಿದ್ದಳು. ಹದಿನಾರು ಸಲದಲ್ಲಿ ನಾನು ಸರಿಯಾಗಿ ಗುರುತಿಸಿದ್ದು ಒಂಬತ್ತು. ನಾಣ್ಯವೂ ಅಷ್ಟೇ ಹೇಳುತ್ತಿತ್ತು.

ನನ್ನ ಕಿವಿಯ ದೋಷವಿರಬಹುದು, ನಲವತ್ತು ದಾಟಿದೆ. ಆದರೆ 2007ರಲ್ಲಿ ಮೇಯರ್ ಮತ್ತು ಮೊರನ್ ಎಂಬಿಬ್ಬರು ಆಡಿಯೊ ಇಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲೂ ಹೀಗೇ ಆಗಿತ್ತು. ಹೆಚ್ಚು ಸಾಮರ್ಥ್ಯದ ಧ್ವನಿಮುದ್ರಣವನ್ನು ನೇರವಾಗಿಯೂ, ನಡುವೆ 16 ಬಿಟ್ 44.1ಕ್ಕೆ ಇಳಿಸಿಯೂ ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿ ಉತ್ತರ 276. 2022ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಪೂರ್ತಿ ಅನಲಾಗ್ ಎಂದು ರಸಿಕರು ನಂಬಿದ್ದ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಹಲವು ಎಲ್.ಪಿ. ತಟ್ಟೆಗಳ ತಯಾರಿಯಲ್ಲಿ ವರ್ಷಗಳಿಂದ ಒಂದು ಡಿಜಿಟಲ್ ಹಂತವಿತ್ತು. ಡಿಜಿಟಲ್ ಎಂದರೆ ಮೂಗು ಮುರಿಯುವವರಿಗೂ ಅದು ಕಿವಿಯಿಂದ ಗೊತ್ತಾಗಿರಲಿಲ್ಲ.

ಮನೆಯ ಲೆಕ್ಕವೂ ನೋಡೋಣ. ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್. 16 ಬಿಟ್‌ಗೆ 96. ಇಂದಿನ ಒಳ್ಳೆಯ ಡ್ಯಾಕ್‌ಗಳು 120 ಮುಟ್ಟುತ್ತವೆ. ದೆಹಲಿಯ ನವೆಂಬರಿನಲ್ಲಿ ಕಿಟಕಿ ಮುಚ್ಚಿ, ಏರ್ ಪ್ಯೂರಿಫೈಯರ್ ಹಾಕಿ ಕೂತರೆ ಕೋಣೆಯಲ್ಲೇ 40 ಡೆಸಿಬೆಲ್ ಸದ್ದು. ಹಾಡಿನ ಅತಿ ಜೋರಿನ ಗಳಿಗೆ 95 ಅಂದುಕೊಂಡರೂ ನಮಗೆ ಸಿಗುವುದು 55. ಒಂಬತ್ತು ಬಿಟ್ ಚಿಲ್ಲರೆ. ಉಳಿದದ್ದನ್ನು ಪ್ಯೂರಿಫೈಯರ್ ಕೇಳಿಕೊಳ್ಳುತ್ತದೆ. ನಮ್ಮ ಫ್ಲ್ಯಾಟುಗಳಲ್ಲಿ ನಿಜವಾಗಿ ಕಿವಿಗೆ ಬೀಳುವ ದೋಷ ಬೇರೆ: ಅರ್ಥಿಂಗ್ ಸರಿಯಿಲ್ಲದೆ ಸ್ಪೀಕರಿನಲ್ಲಿ ಬರುವ ಗುಂಯ್. ಅದಕ್ಕೆ ಎಲೆಕ್ಟ್ರಿಷಿಯನ್ ಬೇಕು, ಆರು ಲಕ್ಷವಲ್ಲ.

ಇನ್ನೊಂದು ತುದಿ

ಇಷ್ಟು ಲೆಕ್ಕ ಹಾಕಿದ ಮೇಲೆ ನಾನು ತಪ್ಪಿಸಿಕೊಂಡು ತಿರುಗುತ್ತಿದ್ದ ಸಂಗತಿ ಎದುರಿಗೆ ಬಂತು. 2005ರಲ್ಲಿ, ಮೊದಲ ಕೆಲಸದ ಹುಮ್ಮಸ್ಸಿನಲ್ಲಿ, ಅಪ್ಪನ ಅರವತ್ತು ಕ್ಯಾಸೆಟ್ಟುಗಳನ್ನು ರೈಲಿನಲ್ಲಿ ದೆಹಲಿಗೆ ತಂದು ಒಂದು ಅಂಗಡಿಗೆ ಕೊಟ್ಟಿದ್ದೆ. ಎಂಪಿ3 ಮಾಡಿಸಿದೆ, ಸೆಕೆಂಡಿಗೆ 64 ಕಿಲೋಬಿಟ್. ಸಿ.ಡಿ.ಯದು 1,411, ಅದರ ಇಪ್ಪತ್ತೆರಡನೇ ಒಂದು ಪಾಲು. ನಾಲ್ಕು ಸಿ.ಡಿ.ಯಲ್ಲಿ ಅರವತ್ತು ಕ್ಯಾಸೆಟ್ಟು ಎಂದು ಹೆಮ್ಮೆಯಿಂದ ಊರಿಗೆ ಫೋನ್ ಮಾಡಿ ಹೇಳಿದೆ. “ಇನ್ನ ಕ್ಯಾಸೆಟ್ ಯಾಕ ಬೇಕಪಾ ಹಂಗಾರ?” ಅಂದರು ಅಪ್ಪ. ಬಾಡಿಗೆ ಮನೆ ಬದಲಿಸುವಾಗ ಅವನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ.

ತಂಬೂರಿ ನೀರಿನೊಳಗೆ ಮೀಟಿದಂತೆ ಕೇಳುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಅಂಗಡಿಯವರು ಪ್ರತಿ ಕ್ಯಾಸೆಟ್ಟಿನ ಕೊನೆಯ ‘ಬೇಡದ ಮಾತು’ ಕತ್ತರಿಸಿ ಸ್ವಚ್ಛ ಮಾಡಿದ್ದರು. ಅರವತ್ತು ರಾತ್ರಿಗಳ ತಾರೀಖು, ರಾಗದ ಹೆಸರು, ಕರೆಂಟಿನ ಮಾಫಿ, ಎಲ್ಲವೂ ಹೋಗಿತ್ತು. ಅಪ್ಪ 2011ರಲ್ಲಿ ತೀರಿಕೊಂಡರು. ಜಗತ್ತಿನ ಯಾವ ಡ್ಯಾಕ್ ಕೊಂಡರೂ ಆ ಫೈಲುಗಳಿಂದ ಆ ದನಿ ಬರುವುದಿಲ್ಲ.

ಡ್ಯಾಕ್‌ಗೆ ಒಬ್ಬ ಅಣ್ಣ ಇದ್ದಾನೆ, ಎಡಿಸಿ. ದನಿಯನ್ನು ಅಂಕಿ ಮಾಡುವವನು. ತಪ್ಪು ಡ್ಯಾಕ್ ಕೊಂಡರೆ ನಾಳೆ ಮಾರಿ ಬೇರೆ ತರಬಹುದು. ಎಡಿಸಿಯ ತುದಿಯಲ್ಲಿ ಬಿಟ್ಟದ್ದು ಬಿಟ್ಟಂತೆ, ಮೂಲ ಇರುವವರೆಗೆ ಮಾತ್ರ ಇನ್ನೊಂದು ಅವಕಾಶ. ಧ್ವನಿ ಸಂಗ್ರಹಾಲಯಗಳವರು ಇದನ್ನು ಬಹಳ ಹಿಂದೆಯೇ ಬಲ್ಲರು. ನಮ್ಮ ಗುರುಗ್ರಾಮದಲ್ಲೇ ಅಂಥದೊಂದಿದೆ: ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಜನಾಂಗ ಸಂಗೀತ ಸಂಗ್ರಹ ಮತ್ತು ಸಂಶೋಧನ ಕೇಂದ್ರ. ಆರಂಭವಾದದ್ದು 1982ರಲ್ಲಿ, ಸಿ.ಡಿ. ಬಂದ ವರ್ಷವೇ. ಅದನ್ನು ಕಟ್ಟಿದ ನಾಜಿರ್ ಜೈರಾಜ್‌ಭಾಯ್, ಏಮಿ ಕ್ಯಾಟ್ಲಿನ್ ಜೊತೆಗೂಡಿ 1984ರಲ್ಲಿ ಒಂದು ಅಪೂರ್ವ ಕೆಲಸ ಮಾಡಿದರು. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಮಾಡಿದ್ದ ಧ್ವನಿಮುದ್ರಣಗಳನ್ನು ಹಿಡಿದು, ಅವೇ ಜಾಗಗಳಿಗೆ ಮರಳಿದರು. ಕರ್ನಾಟಕವೂ ಆ ದಾರಿಯಲ್ಲಿತ್ತು. ಯಾವ ಕಲೆ ಉಳಿದಿದೆ, ಯಾವುದು ಬದಲಾಗಿದೆ, ಯಾವುದು ನಿಂತಿದೆ ಎಂದು ನೋಡಲು ಸಾಧ್ಯವಾದದ್ದು ಆ ಹಳೆಯ ದನಿ ಇದ್ದದ್ದರಿಂದ, ಮತ್ತು ಯಾವ ಊರು ಯಾರು ಎಂಬ ಟಿಪ್ಪಣಿ ಇದ್ದದ್ದರಿಂದ.

ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಸಲಹೆಯೂ ಸರಳ: ಹಳೆಯ ಟೇಪಿಗೆ 24 ಬಿಟ್, ಕನಿಷ್ಠ 48 ಕಿಲೋಹರ್ಟ್ಸ್, 96 ಆದರೆ ಒಳ್ಳೆಯದು, ಮೂಲ ಪ್ರತಿಯಲ್ಲಿ ಏನನ್ನೂ ‘ಸ್ವಚ್ಛ’ ಮಾಡಬೇಡಿ. ಹಾಗೆ ಮಾಡಿದರೆ ತೊಂಬತ್ತು ನಿಮಿಷದ ಕ್ಯಾಸೆಟ್ಟು ಸುಮಾರು 3 ಜಿಬಿ. ಟ್ರಂಕಿನಲ್ಲಿ ಉಳಿದಿದ್ದ ನಲವತ್ತಕ್ಕೆ ಒಂದು ಪೆನ್ ಡ್ರೈವ್ ಸಾಕು.

ಕೊನೆಗೆ ಹಾಳೆಯ ಕೆಳಗಿನ ಸಾಲಿನ ಹದಿನೆಂಟು ಸಾವಿರದ ಡ್ಯಾಕ್ ಕೊಂಡೆ. ಅದೇ ಸುಮಾರಿನ ಬೆಲೆಗೆ ಒಂದು ಎಡಿಸಿ, ಜೊತೆಗೆ ಒಂದು ಹಳೆಯ ಕ್ಯಾಸೆಟ್ ಡೆಕ್. ಅದರ ಬೆಲ್ಟ್ ಬದಲಿಸಿ, ಹೆಡ್ ತೊಳೆಸಿದೆ. ಪ್ರತಿ ಕ್ಯಾಸೆಟ್ಟಿಗೂ ಹೆಡ್‌ನ ಪುಟ್ಟ ಸ್ಕ್ರೂ ತಿರುಗಿಸಿ, ತಂಬೂರಿ ಅತಿ ನಿಚ್ಚಳವಾಗಿ ಕೇಳುವ ಬಾಗುವಿಕೆ ಹುಡುಕಬೇಕು. ಹೆಡ್ ಒಂದಿಷ್ಟು ಓರೆಯಾಗಿದ್ದರೂ ಮೇಲಿನ ಸ್ವರಗಳು ಮಂಕಾಗುತ್ತವೆ. ಈ ಕೆಲಸದಲ್ಲಿ ಆದ ವ್ಯತ್ಯಾಸ ಕೇಳಲು ನಾಣ್ಯ ಬೇಕಾಗಲಿಲ್ಲ. ಪಕ್ಕದ ಕೋಣೆಯಲ್ಲಿದ್ದ ಮಗಳೇ “ಈಗ ಸರಿಯಾಯ್ತು” ಎಂದು ಕೂಗಿದಳು.

ಹೋಳಿಯ ಹೊತ್ತಿಗೆ ಮೂವತ್ತೊಂದು ಮುಗಿದಿವೆ. ಅದರಲ್ಲಿ ಹದಿನೇಳರ ಕೊನೆಯಲ್ಲಿ ಅಪ್ಪ ಮಾತಾಡಿದ್ದಾರೆ. ಒಂದರಲ್ಲಿ ತಾರೀಖು, ಹೆಸರು ಹೇಳಿ ಸ್ವಲ್ಪ ತಡೆದು, “ರಾಗ ಸರಿಯಾಗಿ ತಿಳೀಲಿಲ್ಲ, ಆಮ್ಯಾಲೆ ಕೇಳಿ ಬರೀತೇನಿ” ಅನ್ನುತ್ತಾರೆ. ಕ್ಯಾಸೆಟ್ಟಿನ ಚೀಟಿಯಲ್ಲಿ ಆ ಜಾಗ ಇನ್ನೂ ಖಾಲಿ ಇದೆ. ಓದುಗರಲ್ಲಿ ಬಲ್ಲವರಿದ್ದರೆ ತಿಳಿಸಿ, ಫೈಲು ಕಳಿಸುತ್ತೇನೆ. ನಿಮ್ಮ ಊರಿನ ಅಟ್ಟದ ಮೇಲೂ ಇಂಥ ಪೆಟ್ಟಿಗೆಯೊಂದು ಇದ್ದರೆ ಈ ಬೇಸಿಗೆ ರಜೆಯಲ್ಲಿ ಇಳಿಸಿ ನೋಡಿ. ಡ್ಯಾಕ್ ಯಾವುದಾದರೂ ನಡೆದೀತು.